ಜಗಲಿ ಕಂಬಕ್ಕೆ ಕೆಂಪು ಗುರುತು: ಹಳೆ ಮನೆ ಸರ್ಕಾರದ ಹೊಣೆಯಾ, ಬೈಪಾಸ್ ಕೇಳಬಹುದಾ?

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ಪೇಟೆಬೀದಿಯಲ್ಲಿ ನಮ್ಮ ತೊಟ್ಟಿಮನೆ ಇದೆ. ಮುತ್ತಜ್ಜ ಕಟ್ಟಿಸಿದ್ದು, 150 ವರ್ಷ ಆಗಿರಬಹುದು ಅಂತಾರೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಅಟ್ಟದ ಮೇಲೆ ಗುಟ್ಟಾಗಿ ಸಭೆ ನಡೆಯುತ್ತಿತ್ತಂತೆ. ಮನೆ ಮುಂದೆಯೇ ರಾಷ್ಟ್ರೀಯ ಹೆದ್ದಾರಿ ಹೋಗುತ್ತದೆ. ಕಳೆದ ತಿಂಗಳು ಯಾರೋ ಬಂದು ಅಳತೆ ಮಾಡಿ ಜಗಲಿಯ ಕಂಬಕ್ಕೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಅಲ್ಲಿಯವರೆಗೆ ಒಡೆದರೆ ಜಗಲಿ, ಪಡಸಾಲೆ ಎರಡೂ ಹೋಗುತ್ತವೆ. ಇಂಥ ಮನೆ ಉಳಿಸುವುದು ಸರ್ಕಾರದ ಜವಾಬ್ದಾರಿ ಅಲ್ವಾ? ಊರ ಹೊರಗೆ ಬೈಪಾಸ್ ಮಾಡಿ ಎಂದು ಕೇಳಬಹುದಾ? ಅಂಗಡಿಯವರು ಮಾತ್ರ ಬೈಪಾಸ್ ಬೇಡವೇ ಬೇಡ ಅನ್ನುತ್ತಿದ್ದಾರೆ.

ಉತ್ತರ: ಬಣ್ಣದಿಂದಲೇ ಶುರು ಮಾಡೋಣ. ಕಂಬದ ಮೇಲಿನ ಕೆಂಪು ಗೀಟಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಅದು ಅಳೆಯಲು ಬಂದವರು ತಮ್ಮ ನೆನಪಿಗೆ ಹಾಕಿಕೊಂಡ ಗುರುತು, ಅಷ್ಟೇ. ಹಾಗಂತ ಸುಮ್ನೆ ಕೂರುವಂತೆಯೂ ಇಲ್ಲ. ಗುರುತು ಬಿದ್ದಿದೆ ಅಂದರೆ ಯಾವುದೋ ಕಚೇರಿಯಲ್ಲಿ ರಸ್ತೆಯ ಗೆರೆ ಎಳೆಯುತ್ತಿದ್ದಾರೆ ಎಂದರ್ಥ. ನಾನು ಊರು ಯೋಜನೆಯ ಕೆಲಸ ಕಲಿತದ್ದು ಪೆನ್ಸಿಲ್ ಕಾಲದಲ್ಲಿ. 1:10,000 ಅಳತೆಯ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ನೆಲದ ಮೇಲೆ ಅದು 5 ಮೀಟರ್ ಆಗುತ್ತದೆ. ಒಂದು ಜಗಲಿ, ಅರ್ಧ ಪಡಸಾಲೆ ಪೆನ್ಸಿಲ್ ಮೊನೆಯಲ್ಲೇ ಹೋಗಿಬಿಡುತ್ತಿತ್ತು. ಆ ಗೆರೆಯನ್ನು ಅತ್ತಿತ್ತ ಸರಿಸುವುದು ಪೆನ್ಸಿಲ್ ಇರುವವರೆಗೆ ಸುಲಭ. ಗೆಜೆಟ್‌ನಲ್ಲಿ ಬಂದ ಮೇಲೆ ಬಹಳ ಕಷ್ಟ. ನಾನು ಮುಂದೆ ಹೇಳುವುದೆಲ್ಲ ಇದೊಂದರ ಸುತ್ತಲೇ ಇದೆ: ರಸ್ತೆ ಕಾಗದಕ್ಕೆ ಬರುವ ಮೊದಲು ನಿಮ್ಮ ಮನೆ ಕಾಗದಕ್ಕೆ ಬರಬೇಕು.

ಈಗ ಜವಾಬ್ದಾರಿಯ ಮಾತು. ನಿಮಗೆ ಬೇಸರವಾಗಬಹುದು, ಆದರೂ ನೇರವಾಗಿ ಹೇಳುತ್ತೇನೆ. ಹಳೆಯದು ಎನ್ನುವ ಒಂದೇ ಕಾರಣಕ್ಕೆ ಯಾವ ಮನೆಯೂ ಸರ್ಕಾರದ ಹೊಣೆ ಆಗುವುದಿಲ್ಲ. ಸಂವಿಧಾನದ 49ನೇ ವಿಧಿ ಸ್ಮಾರಕಗಳನ್ನು ಕಾಪಾಡುವುದು ಸರ್ಕಾರದ ಕರ್ತವ್ಯ ಅನ್ನುತ್ತದೆ, ನಿಜ. ಆದರೆ ಅದು ಹೇಳುವುದು ಸಂಸತ್ತಿನ ಕಾನೂನಿನ ಪ್ರಕಾರ ರಾಷ್ಟ್ರೀಯ ಮಹತ್ವದ್ದು ಎಂದು ಘೋಷಣೆಯಾದವುಗಳ ಬಗ್ಗೆ. ಉಳಿದ ಹಳೆಯ ಕಟ್ಟಡಗಳ ವಿಷಯ ರಾಜ್ಯಗಳ ಪಟ್ಟಿಯಲ್ಲಿದೆ. ಕೇಂದ್ರಕ್ಕೆ 1958ರ ಕಾಯ್ದೆ, ನಮ್ಮ ರಾಜ್ಯಕ್ಕೆ 1961ರ ಕಾಯ್ದೆ. ಕರ್ನಾಟಕದಲ್ಲಿ ಕೇಂದ್ರದ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಕೈಯಲ್ಲಿ 500ಕ್ಕೂ ಹೆಚ್ಚು, ರಾಜ್ಯ ಇಲಾಖೆಯ ಕೈಯಲ್ಲಿ 800ಕ್ಕೂ ಹೆಚ್ಚು ಸಂರಕ್ಷಿತ ಸ್ಮಾರಕಗಳಿವೆ. ಅದರಲ್ಲಿ ದೇವಸ್ಥಾನ, ಬಸದಿ, ಕೋಟೆ, ಮಸೀದಿ, ಗೋರಿಗಳೇ ಜಾಸ್ತಿ. ಜನ ಒಲೆ ಹಚ್ಚಿ ಅಡುಗೆ ಮಾಡುತ್ತಿರುವ ಮನೆಗಳನ್ನು ಹುಡುಕಬೇಕು.

ಯಾಕೆ ಹೀಗೆ? ಮನೆ ಅನ್ನುವುದು ದಿನಾ ಬದಲಾಗುವ ವಸ್ತು. ಮಗನಿಗೆ ಮದುವೆಯಾದರೆ ಒಂದು ಕೋಣೆ ಸೇರುತ್ತದೆ, ಪಾಲಾದರೆ ನಡುಮನೆಗೆ ಅಡ್ಡಗೋಡೆ ಬರುತ್ತದೆ. ಸಂರಕ್ಷಿತ ಎಂದು ಘೋಷಣೆಯಾದರೆ ಆಮೇಲೆ ನೀವು ಬಚ್ಚಲು ರಿಪೇರಿ ಮಾಡಿಸಲೂ ಅನುಮತಿ ಕೇಳಬೇಕು. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಅದರ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಪೇಟೆಬೀದಿಯಲ್ಲಿ 100 ಮೀಟರ್ ಅಂದರೆ ಎಷ್ಟು ಮನೆ, ಎಷ್ಟು ಅಂಗಡಿ ಲೆಕ್ಕ ಹಾಕಿ. ನಿಮ್ಮ ಮನೆ ಉಳಿಯಬಹುದು, ಆದರೆ ಅಕ್ಕಪಕ್ಕದವರು ಮಾತು ಬಿಡುತ್ತಾರೆ. 2010ರ ತಿದ್ದುಪಡಿಯ ನಂತರ ಈ 100 ಮೀಟರ್ ನಿಯಮದಿಂದ ಸರ್ಕಾರದ ಕಾಮಗಾರಿಗೂ ವಿನಾಯಿತಿ ಇಲ್ಲ. ಅದನ್ನು ಸಡಿಲ ಮಾಡುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆಯಲ್ಲಿ ನಿಂತುಹೋಯಿತು.

ಘೋಷಣೆಯಾದ ಕಟ್ಟಡಕ್ಕೆ ಎಷ್ಟು ಬಲ ಬರುತ್ತದೆ ಅನ್ನುವುದಕ್ಕೆ ಶ್ರೀರಂಗಪಟ್ಟಣವನ್ನು ನೋಡಿ. ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಗೆ ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. ಒಡೆಯುವ ಹಾಗಿರಲಿಲ್ಲ. ವರ್ಷಗಟ್ಟಲೆ ಕಾಮಗಾರಿ ಅಲ್ಲೇ ನಿಂತಿತು. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನು ಜ್ಯಾಕ್ ಕೊಟ್ಟು ಎತ್ತಿ, ಸುಮಾರು 100 ಮೀಟರ್ ದೂರಕ್ಕೆ ಇಡಿಯಾಗಿ ಜರುಗಿಸಿದರು. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಕಟ್ಟಡ ಚಕ್ರದ ಮೇಲೆ ಹೊರಟಿತು! ಅದೇ ಜಾಗದಲ್ಲಿ ಪಟ್ಟಿಯಲ್ಲಿಲ್ಲದ ಯಾರದೋ ಹಳೆ ಮನೆ ಇದ್ದಿದ್ದರೆ ಒಂದು ಜೆಸಿಬಿ, ಒಂದು ಮಧ್ಯಾಹ್ನ ಸಾಕಾಗುತ್ತಿತ್ತು.

ಹಾಗಾದರೆ ಸರ್ಕಾರ ಮನೆಗಳನ್ನು ಉಳಿಸಿದ್ದೇ ಇಲ್ಲವಾ? ಉಳಿಸಿದೆ. ಆದರೆ ಹೆಚ್ಚಾಗಿ ಕಾಯ್ದೆ ಹಿಡಿದು ಅಲ್ಲ, ದುಡ್ಡು ಕೊಟ್ಟು, ಜನ ಗಲಾಟೆ ಮಾಡಿದ ಮೇಲೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಒಡೆಯಲು ಶುರು ಮಾಡಿಯಾಗಿತ್ತು. ಸುದ್ದಿ ಹರಡಿ, ಕೆಲಸ ನಿಲ್ಲಿಸಿ, ಕೊನೆಗೆ ಸಾರ್ವಜನಿಕ ಹಣದಲ್ಲಿ ಕೊಂಡು ದುರಸ್ತಿ ಮಾಡಿಸಿ 2016ರಲ್ಲಿ ಮ್ಯೂಸಿಯಂ ಮಾಡಿದರು. ಆ ಮನೆಗೆ 100 ವರ್ಷವೂ ಆಗಿರಲಿಲ್ಲ. ಸ್ಮಾರಕ ಕಾಯ್ದೆಯ ಲೆಕ್ಕದಲ್ಲಿ ಅದು ಹಳೆಯದೇ ಅಲ್ಲ. ಮಡಿಕೇರಿಯ ‘ಸನ್ನಿ ಸೈಡ್’ ಜನರಲ್ ತಿಮ್ಮಯ್ಯನವರ ಮನೆ. ಅದರಲ್ಲಿ ಬಹಳ ಕಾಲ ಆರ್‌ಟಿಒ ಕಚೇರಿ ಇತ್ತು. 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಕುಪ್ಪಳಿಯ ಕವಿಮನೆಯನ್ನು ಕುವೆಂಪು ಪ್ರತಿಷ್ಠಾನ ನೋಡಿಕೊಳ್ಳುತ್ತದೆ. ಇವೆಲ್ಲ ಹೆಸರಿನಿಂದ ಉಳಿದ ಮನೆಗಳು. ಹೆಸರಿಲ್ಲದ ಮನೆಗೆ ಆ ಭಾಗ್ಯ ಕಡಿಮೆ.

ಇನ್ನೊಂದು ಕಡೆಯನ್ನೂ ನೋಡಬೇಕು. ಸರ್ಕಾರದ ಕೈಗೆ ಹೋದರೆ ಮನೆ ಬದುಕಿತು ಎಂದು ನಂಬಬೇಡಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ ಎರಡೂ ಸಾರ್ವಜನಿಕ ಆಸ್ತಿ, ಎರಡೂ ಪಾರಂಪರಿಕ ಎಂದು ಹೆಸರಾದವು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಆಮೇಲೆ ಉಳಿಸಬೇಕೋ ಕೆಡವಬೇಕೋ ಅನ್ನುವ ಜಗಳವೇ ವರ್ಷಗಟ್ಟಲೆ ನಡೆಯಿತು. ಪಟ್ಟಿಯಲ್ಲಿ ಹೆಸರು ಬಂದರೆ ಹೆಂಚು ತಾನಾಗಿ ಬದಲಾಗುವುದಿಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಯಾರು ಮಾಡಿಗೆ ಹತ್ತುತ್ತಾರೆ ಅನ್ನುವುದೇ ಮುಖ್ಯ. ನಿಮ್ಮ ಮನೆಯಲ್ಲಿ ಅದನ್ನು ಇಷ್ಟು ವರ್ಷ ನೀವೇ ಮಾಡಿದ್ದೀರಿ. ಹಾಗಾಗಿ ಘೋಷಣೆಯ ಹಿಂದೆ ಹೋಗಬೇಡಿ ಅನ್ನುವುದು ನನ್ನ ಸಲಹೆ. ನಿಮಗೆ ಬೇಕಿರುವುದು ಇನ್ನೂ ಚಿಕ್ಕ ಕೆಲಸ: ರಸ್ತೆಯ ವಿವರವಾದ ಯೋಜನಾ ವರದಿಯಲ್ಲಿ, ಅದೇ ಡಿಪಿಆರ್‌ನಲ್ಲಿ, ಈ ಮನೆ ಬರೀ ‘ಹೆಂಚಿನ ಕಟ್ಟಡ, ಇಷ್ಟು ಚದರ ಮೀಟರ್’ ಎಂದು ಬರಬಾರದು. ‘ಪಾರಂಪರಿಕ ಕಟ್ಟಡ’ ಎಂದು ಬರಬೇಕು.

ಅದಕ್ಕೆ ಮನೆಯ ವಯಸ್ಸು ಸಾಬೀತಾಗಬೇಕು. ‘ಅಂತಾರೆ’, ‘ಅಂತೆ’ ನಡೆಯುವುದಿಲ್ಲ. ಹಳೆ ಕ್ರಯಪತ್ರ, ಪಾಲುಪಟ್ಟಿ, ಕಂದಾಯದ ರಸೀದಿ, ಊರಿನ ಹಳೆ ಸರ್ವೆ ನಕ್ಷೆ, ಮದುವೆಯ ಗುಂಪು ಫೋಟೊ, ಎಲ್ಲವೂ ಸಾಕ್ಷಿಯೇ. ಮಾಡಿನ ಹೆಂಚನ್ನೂ ತಿರುಗಿಸಿ ನೋಡಿ, ಅಡಿಯಲ್ಲಿ ಮುದ್ರೆ ಇರುತ್ತದೆ. ಆದರೆ ಇಲ್ಲಿ ಜನ ಮೋಸ ಹೋಗುತ್ತಾರೆ. ಹೆಂಚಿನ ಮೇಲೆ 1865 ಅಂತಲೋ 1868 ಅಂತಲೋ ಇದ್ದರೆ ಮನೆ ಆಗಿನದು ಎಂದುಕೊಳ್ಳುತ್ತಾರೆ. ಅದು ಮಂಗಳೂರಿನ ಕಾರ್ಖಾನೆ ಶುರುವಾದ ಇಸವಿ, ಹೆಂಚು ಸುಟ್ಟ ಇಸವಿಯಲ್ಲ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೊದಲ ಮಹಾಯುದ್ಧದ ನಂತರ ಅದರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಆ ಟ್ರಸ್ಟಿನ ಮುದ್ರೆ ಇದ್ದರೆ ಆ ಹೆಂಚು ಯುದ್ಧದ ಈಚಿನದು. ಅದಕ್ಕೂ ಮೊದಲು ನಿಮ್ಮ ಮನೆಗೆ ನಾಡಹೆಂಚೋ ಸೋಗೆಯೋ ಇದ್ದಿರಬಹುದು. ಹೆಂಚಿನಿಂದ ಮಾಡಿನ ವಯಸ್ಸು ತಿಳಿಯುತ್ತದೆ. ಗೋಡೆ, ಮುಂಡಿಗೆಯ ವಯಸ್ಸಿಗೆ ಬೇರೆ ಸಾಕ್ಷಿ ಹುಡುಕಬೇಕು.

ಅಟ್ಟದ ಸಭೆಯ ವಿಷಯಕ್ಕೂ ಇದೇ ಮಾತು. ಹಳೆ ಮನೆಯ ಬಗ್ಗೆ ನನಗೆ ಬರುವ ಕಾಗದಗಳಲ್ಲಿ ಅರ್ಧದಲ್ಲಿ ಗಾಂಧೀಜಿ ಜಗಲಿಯ ಮೇಲೆ ಕೂತಿರುತ್ತಾರೆ. 1934ರ ಹರಿಜನ ಪ್ರವಾಸದಲ್ಲಿ ಅವರು ನಮ್ಮ ಕರಾವಳಿ, ಮಲೆನಾಡಿನ ಕಡೆ ಬಂದದ್ದು ನಿಜ. ಆದರೆ ಅವರ ಸಮಗ್ರ ಬರಹಗಳ ಸಂಪುಟಗಳಲ್ಲಿ ಯಾವ ದಿನ ಎಲ್ಲಿದ್ದರು ಎನ್ನುವ ಪಟ್ಟಿಯೇ ಇದೆ, ಯಾರು ಬೇಕಾದರೂ ತೆರೆದು ನೋಡಬಹುದು. ನಿಮ್ಮ ಅಟ್ಟದ ಸಭೆಗೆ ಪೊಲೀಸ್ ದಾಖಲೆ, ಪತ್ರಾಗಾರದ ಕಡತ, ಆಗಿನ ಪತ್ರಿಕೆಯ ಸುದ್ದಿ ಏನಾದರೂ ಸಿಕ್ಕರೆ ಬಂಗಾರ. ಸಿಗದಿದ್ದರೆ ಆ ಮಾತನ್ನು ಅರ್ಜಿಯ ಮೊದಲ ಸಾಲಿಗೆ ಹಾಕಬೇಡಿ. ಒಂದು ಸುಳ್ಳು ಎಂದು ಅನಿಸಿದರೆ ಸಾಕು, ಉಳಿದದ್ದನ್ನೂ ಯಾರೂ ಓದುವುದಿಲ್ಲ.

ಒಬ್ಬರೇ ಅರ್ಜಿ ಹಾಕುವುದಕ್ಕಿಂತ ಬೀದಿಯ ಹಳೆ ಮನೆಗಳನ್ನೆಲ್ಲ ಸೇರಿಸಿ. ಪರಂಪರೆಯ ಸಂರಕ್ಷಣೆಗೆ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಹತ್ತಿರದ ಶಾಖೆಯವರನ್ನು ಕರೆಸಿ ಪಟ್ಟಿ ಮಾಡಿಸಿದರೆ ಒಳ್ಳೆಯದು. ಅವರ ಪಟ್ಟಿಗೆ ಕಾನೂನಿನ ಬಲ ಇಲ್ಲ, ಆದರೆ ಎಂಜಿನಿಯರ್ ಮೇಜಿನ ಮೇಲೆ ಇಡಲು ಒಂದು ಗಟ್ಟಿ ಕಾಗದವಾಗುತ್ತದೆ. ನಿಮ್ಮ ಊರಿಗೆ ಯೋಜನಾ ಪ್ರಾಧಿಕಾರ ಇದ್ದರೆ ಅಲ್ಲಿಗೂ ಒಂದು ಪ್ರತಿ ಕೊಡಿ. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ ಅನ್ನುವುದಕ್ಕೆ ಜಾಗವಿದೆ. ಮಾಸ್ಟರ್ ಪ್ಲಾನಿನಲ್ಲಿ ಬೀದಿಯ ಅಗಲವನ್ನು ಇದ್ದ ಹಾಗೇ ಬಿಡಿ ಎಂದು ಕೇಳಲು ಅದು ಸರಿಯಾದ ಬಾಗಿಲು.

ಇನ್ನು ರಸ್ತೆಯ ಕಾನೂನು. ರಾಷ್ಟ್ರೀಯ ಹೆದ್ದಾರಿಗೆ ಜಾಗ ತೆಗೆದುಕೊಳ್ಳುವುದು 1956ರ ಹೆದ್ದಾರಿ ಕಾಯ್ದೆಯ ಕೆಳಗೆ. ಮೊದಲು ಅದರ 3ಎ ಕಲಮಿನ ಅಧಿಸೂಚನೆ, ಅಂದರೆ ಇಂಥ ಜಾಗ ಬೇಕು ಎನ್ನುವ ಪ್ರಕಟಣೆ, ಗೆಜೆಟ್‌ನಲ್ಲಿ ಬರುತ್ತದೆ. ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಕನ್ನಡದ್ದಾಗಿರಬೇಕು. ಗೆಜೆಟ್‌ನಲ್ಲಿ ಬಂದ ದಿನದಿಂದ 21 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಬೇಕು. ಕೊಟ್ಟವರ ಮಾತನ್ನು ಅಧಿಕಾರಿ ಕರೆದು ಕೇಳಲೇಬೇಕು. ನಂತರ ಒಂದು ವರ್ಷದೊಳಗೆ ಜಾಗ ತೆಗೆದುಕೊಳ್ಳುತ್ತೇವೆ ಎನ್ನುವ 3ಡಿ ಕಲಮಿನ ಘೋಷಣೆಯಾಗದಿದ್ದರೆ ಮೊದಲ ಅಧಿಸೂಚನೆ ಬಿದ್ದುಹೋಗುತ್ತದೆ. ಆದರೆ 3ಡಿ ಆಯಿತೋ, ಜಾಗ ಅವತ್ತೇ ಕೇಂದ್ರ ಸರ್ಕಾರದ್ದು. ಆಮೇಲೆ ನಡೆಯುವುದು ಪರಿಹಾರದ ಚೌಕಾಸಿ ಮಾತ್ರ. ನಮ್ಮವರು ಸಾಮಾನ್ಯವಾಗಿ ಎಚ್ಚರಗೊಳ್ಳುವುದು ಇಲ್ಲೇ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಇದೆಯಲ್ಲ ಎಂದು ಕೇಳುತ್ತೀರಿ. ಹೆದ್ದಾರಿ ಕಾಯ್ದೆಗೆ ಅದು ಅನ್ವಯಿಸುವುದಿಲ್ಲ. 2015ರಿಂದ ಅನ್ವಯವಾಗುತ್ತಿರುವುದು ಅದರ ಪರಿಹಾರ ಮತ್ತು ಪುನರ್ವಸತಿಯ ಭಾಗ. ಪರಿಸರ ಅನುಮತಿಯ ಸಾರ್ವಜನಿಕ ವಿಚಾರಣೆಯೂ 100 ಕಿಲೋಮೀಟರ್ ದಾಟದ ಅಗಲೀಕರಣಕ್ಕೆ ಬೇಕಿಲ್ಲ. ಅಂದರೆ ನಿಮ್ಮ ಊರಿನವರಿಗೆ ಕಾನೂನು ಕೊಟ್ಟಿರುವ ಕಿಟಕಿ ಆ 21 ದಿನ. ಚಿಕ್ಕ ಕಿಟಕಿ. ಅದಕ್ಕೇ ಅದು ತೆರೆಯುವ ಮೊದಲೇ ಡಿಪಿಆರ್ ಮಾಡುವವರನ್ನು ಹಿಡಿಯಿರಿ ಅನ್ನುವುದು. ಯಾವ ಕನ್ಸಲ್ಟೆಂಟ್, ಯಾವ ಕಚೇರಿ, ಎಷ್ಟು ಪರ್ಯಾಯ ಮಾರ್ಗ ನೋಡಿದ್ದಾರೆ, ಎಲ್ಲವನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ.

ಈಗ ಬೈಪಾಸ್. ಕೇಳಬಹುದು, ಧಾರಾಳವಾಗಿ ಕೇಳಬಹುದು. ಆದರೆ ‘ನಮ್ಮ ಮನೆ ಉಳಿಸಲು ಬೈಪಾಸ್ ಮಾಡಿ’ ಎಂದು ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಕೇಳಬೇಕಾದ್ದು ವಾಹನದ ಲೆಕ್ಕ. ನಿಮ್ಮ ಪೇಟೆಬೀದಿಗೆ ಬರುವ ವಾಹನಗಳಲ್ಲಿ ಊರಿನಲ್ಲಿ ನಿಲ್ಲದೆ ದಾಟಿ ಹೋಗುವವು ಎಷ್ಟು? ಊರಿಗೇ ಬರುವವು ಎಷ್ಟು? ಎಲ್ಲಿಂದ ಹೊರಟಿರಿ, ಎಲ್ಲಿಗೆ ಹೋಗುತ್ತೀರಿ ಎಂದು ರಸ್ತೆಯಲ್ಲಿ ನಿಲ್ಲಿಸಿ ಕೇಳುವ ಸಮೀಕ್ಷೆ ಡಿಪಿಆರ್‌ನ ಭಾಗವೇ. ದಾಟಿ ಹೋಗುವ ಲಾರಿ, ಟ್ಯಾಂಕರ್ ಜಾಸ್ತಿ ಇದ್ದರೆ ಬೈಪಾಸ್‌ಗೆ ಅರ್ಥವಿದೆ. ಬರುವವರೆಲ್ಲ ಸಂತೆಗೆ, ತಾಲ್ಲೂಕು ಕಚೇರಿಗೆ, ಆಸ್ಪತ್ರೆಗೆ ಬರುವವರಾದರೆ ಬೈಪಾಸ್ ಖಾಲಿ ಬಿದ್ದಿರುತ್ತದೆ, ನಿಮ್ಮ ಬೀದಿ ಹಾಗೇ ಕಿಕ್ಕಿರಿದಿರುತ್ತದೆ. ಕಾಲೇಜು ಹುಡುಗರನ್ನು ಸೇರಿಸಿ ಊರಿನ ಎರಡೂ ತುದಿಯಲ್ಲಿ ಒಂದು ದಿನ ಲಾರಿಗಳ ನಂಬರ್ ಬರೆಸಿ ನೋಡಿ. ಎರಡೂ ಕಡೆ ಹತ್ತಿಪ್ಪತ್ತು ನಿಮಿಷದ ಅಂತರದಲ್ಲಿ ಸಿಕ್ಕ ನಂಬರ್ ದಾಟಿ ಹೋದ ಗಾಡಿಯದು. ದುಬಾರಿ ಸಮೀಕ್ಷೆಯ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ಬೈಪಾಸ್ ಪುಕ್ಕಟೆ ಬರುವುದಿಲ್ಲ. 8 ಕಿಲೋಮೀಟರ್ ಉದ್ದ, 60 ಮೀಟರ್ ಅಗಲ ಎಂದುಕೊಳ್ಳಿ. 48 ಹೆಕ್ಟೇರ್ ಆಯಿತು, ಹತ್ತಿರ ಹತ್ತಿರ 120 ಎಕರೆ. ಮಲೆನಾಡಿನಲ್ಲಿ ಊರ ಹೊರಗೆ ಖಾಲಿ ಜಾಗ ಎಲ್ಲಿದೆ? ಗುಡ್ಡದ ಮೇಲೆ ಕಾಡು, ತಗ್ಗಿನಲ್ಲಿ ಗದ್ದೆ, ಹಳ್ಳದ ಬದಿಗೆ ಅಡಿಕೆ ತೋಟ. ನಿಮ್ಮ ಜಗಲಿಗೆ 150 ವರ್ಷವಾದರೆ ಅವರ ತೋಟವನ್ನೂ ಮೂರು ತಲೆಮಾರು ಸಾಕಿರುತ್ತದೆ. ಗುಡ್ಡ ಕಡಿದರೆ ಮಳೆಗಾಲದಲ್ಲಿ ಧರೆ ಕುಸಿಯುತ್ತದೆ, ಗದ್ದೆಗೆ ಮಣ್ಣು ತುಂಬಿ ರಸ್ತೆ ಎತ್ತರಿಸಿದರೆ ನೀರು ಹರಿಯುವ ದಾರಿ ಕಟ್ಟುತ್ತದೆ. ಇದನ್ನು ಬೇಡ ಅನ್ನಲು ಹೇಳುತ್ತಿಲ್ಲ. ಹೋರಾಟ ಶುರು ಮಾಡುವ ಮೊದಲು ಆ ತೋಟದವರ ಮನೆಗೂ ಒಂದು ಸಲ ಹೋಗಿ ಬನ್ನಿ. ಪೇಟೆಯವರು ಬೈಪಾಸ್ ಕೇಳಿ, ಹಳ್ಳಿಯವರು ತಡೆದು, ಕೊನೆಗೆ ಇಲಾಖೆ ‘ನಿಮ್ಮಲ್ಲೇ ಒಮ್ಮತ ಇಲ್ಲ’ ಎಂದು ಪೇಟೆಯನ್ನೇ ಅಗಲ ಮಾಡಿದ ಕತೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಂಗಡಿಯವರ ಭಯವನ್ನು ತಳ್ಳಿಹಾಕಬೇಡಿ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ-ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ಚನ್ನಪಟ್ಟಣದ ಬೊಂಬೆ ಅಂಗಡಿಗಳು, ಮದ್ದೂರು ವಡೆಯ ಹೋಟೆಲುಗಳು ನಿಂತಿದ್ದೇ ದಾರಿಹೋಕರ ಮೇಲೆ. ಅವರ ವ್ಯಾಪಾರಕ್ಕೆ ದೊಡ್ಡ ಹೊಡೆತ ಬಿತ್ತು. ನಿಮ್ಮ ಊರಲ್ಲೂ ಬಸ್ಸು ನಿಂತಾಗ ಟೀ ಕುಡಿಯುವವರನ್ನೇ ನಂಬಿದ ಹೋಟೆಲುಗಳಿದ್ದರೆ ಅವಕ್ಕೆ ನಷ್ಟ ಖಂಡಿತ. ಆದರೆ ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಮೆಡಿಕಲ್ ಶಾಪು ನಿಂತಿರುವುದು ಸುತ್ತಲ ಹಳ್ಳಿಯವರ ಮೇಲೆ. ಲಾರಿ ಕಾಟ ತಪ್ಪಿದರೆ ಅವರಿಗೆ ಲಾಭವೇ. ಮತ್ತೆ ಒಂದು ಮಾತು ಕೇಳಿ ನೋಡಿ: ಬೀದಿ ಅಗಲವಾದರೆ ಅವರ ಅಂಗಡಿಯ ಮುಂಭಾಗ ಎಷ್ಟು ಉಳಿಯುತ್ತದೆ? ಕೆಂಪು ಬಣ್ಣ ನಿಮ್ಮ ಕಂಬಕ್ಕೆ ಮಾತ್ರ ಬಿದ್ದಿಲ್ಲವಲ್ಲ.

ಬೈಪಾಸ್ ಮಾಡುವುದಾದರೆ ಸರಿಯಾಗಿ ಮಾಡಬೇಕು. ಹುಬ್ಬಳ್ಳಿ-ಧಾರವಾಡ ಬೈಪಾಸ್ ನಿಮಗೆ ಗೊತ್ತಿರಬಹುದು. ಎರಡೂ ಕಡೆ ಅಗಲವಾದ ಹೆದ್ದಾರಿ, ನಡುವೆ ಸುಮಾರು 30 ಕಿಲೋಮೀಟರ್ ಎರಡೇ ಪಥದ ಇಕ್ಕಟ್ಟು ರಸ್ತೆ. ಅಪಘಾತ ಆಗುತ್ತಲೇ ಇದ್ದವು. 2021ರ ಸಂಕ್ರಾಂತಿಯ ಮಾರನೇ ದಿನ ಇಟಿಗಟ್ಟಿ ಹತ್ತಿರ ದಾವಣಗೆರೆಯ ಗೆಳತಿಯರಿದ್ದ ಟೆಂಪೊಗೆ ಆದ ಅಪಘಾತವನ್ನು ಯಾರೂ ಮರೆತಿಲ್ಲ. ಆಮೇಲೆ ಅಗಲ ಮಾಡುವ ಕೆಲಸ ಕೈಗೆತ್ತಿಕೊಂಡರು. ಇನ್ನೊಂದು ಕಾಯಿಲೆ, ಬೈಪಾಸ್ ಆದ ಕೂಡಲೇ ಅದರ ಅಕ್ಕಪಕ್ಕ ಲೇಔಟ್, ಕಲ್ಯಾಣ ಮಂಟಪ, ಪೆಟ್ರೋಲ್ ಬಂಕ್ ಏಳುವುದು. ಹತ್ತು ವರ್ಷದಲ್ಲಿ ಅದೇ ಇನ್ನೊಂದು ಪೇಟೆಬೀದಿ. ಅಲ್ಲಿ ಜಮೀನು ಪರಿವರ್ತನೆಗೆ ಮಾಸ್ಟರ್ ಪ್ಲಾನಿನಲ್ಲಿ ಮೊದಲೇ ಬೇಲಿ ಹಾಕದಿದ್ದರೆ ನಿಮ್ಮ ಮೊಮ್ಮಕ್ಕಳು ಬೈಪಾಸಿಗೆ ಬೈಪಾಸ್ ಕೇಳಬೇಕಾಗುತ್ತದೆ.

ಬೈಪಾಸ್ ಬರುವುದಕ್ಕೆ ವರ್ಷಗಳು ಬೇಕು. ಅಲ್ಲಿಯವರೆಗೆ ಬೀದಿ ಒಡೆಯದೆ ಮಾಡಬಹುದಾದ ಕೆಲಸಗಳಿವೆ. ಹಗಲು ಹೊತ್ತು ಸರಕು ಇಳಿಸುವುದನ್ನು ನಿಲ್ಲಿಸುವುದು, ರಸ್ತೆ ಬದಿಯ ಪಾರ್ಕಿಂಗ್ ತೆಗೆಯುವುದು, ಹಿಂದಿನ ಬೀದಿಯನ್ನು ಸೇರಿಸಿಕೊಂಡು ಒನ್‌ವೇ ಮಾಡುವುದು, ಸಂತೆಯ ದಿನ ದೊಡ್ಡ ಲಾರಿಗಳನ್ನು ಊರ ಹೊರಗೇ ನಿಲ್ಲಿಸುವುದು. ಇದಕ್ಕೆಲ್ಲ ಒಂದು ಡಬ್ಬಿ ಬಣ್ಣ, ನಾಲ್ಕು ಬೋರ್ಡು ಸಾಕು. ಆದರೆ ಇದರಲ್ಲಿ ಟೆಂಡರ್ ಇಲ್ಲ, ಹಾಗಾಗಿ ಉತ್ಸಾಹವೂ ಕಡಿಮೆ. ನಿಮ್ಮ ಆಕ್ಷೇಪಣೆಯಲ್ಲಿ ಇದನ್ನೂ ಬರೆಯಿರಿ. ‘ಬೇಡ’ ಅನ್ನುವ ಅರ್ಜಿಗಿಂತ ‘ಹೀಗೆ ಮಾಡಿ’ ಅನ್ನುವ ಅರ್ಜಿಗೆ ತೂಕ ಜಾಸ್ತಿ.

ಎಲ್ಲ ಮಾಡಿಯೂ ಆಗಲಿಲ್ಲ ಅಂದರೆ? ಆಗ ಒಂದು ಎಚ್ಚರ. ಮುಂಭಾಗ ಕೊಟ್ಟು ಹಿಂಭಾಗ ಉಳಿಸಿಕೊಳ್ಳುತ್ತೇವೆ ಎಂದು ಸುಲಭಕ್ಕೆ ಒಪ್ಪಬೇಡಿ. ತೊಟ್ಟಿಮನೆಯಲ್ಲಿ ನಾಲ್ಕು ಅಂಕಣ ಒಂದನ್ನೊಂದು ಹಿಡಿದುಕೊಂಡು ನಿಂತಿರುತ್ತವೆ. ಮುಂದಿನದನ್ನು ಕತ್ತರಿಸಿದರೆ ಪಕ್ಕದ ಎರಡರ ಜಂತೆ, ತೊಲೆಗಳಿಗೆ ಒಂದು ಕಡೆ ಆಸರೆ ತಪ್ಪುತ್ತದೆ, ಮಣ್ಣಿನ ಗೋಡೆಗೆ ನೇರ ಮಳೆ ಬಡಿಯುತ್ತದೆ. ಒಂದೆರಡು ಮಳೆಗಾಲ ದಾಟುವುದು ಕಷ್ಟ. ಪರಿಹಾರದ ಲೆಕ್ಕದಲ್ಲೂ ಗಮನ ಇರಲಿ. ಲೋಕೋಪಯೋಗಿ ಎಂಜಿನಿಯರ್ ದರಪಟ್ಟಿ ಹಿಡಿದು ಚದರ ಮೀಟರಿಗೆ ಇಷ್ಟು ಎಂದು ಬರೆಯುತ್ತಾರೆ. ಕೆತ್ತನೆಯ ಮುಂಡಿಗೆ, ಬೋದಿಗೆ, ಬಾಗಿಲುವಾಡ ಅದರಲ್ಲಿ ಬರೀ ‘ಮರದ ಕೆಲಸ’. ಅವನ್ನು ಬೇರೆಯಾಗಿ ಬೆಲೆ ಕಟ್ಟಿಸಿ ಎಂದು ಮೊದಲ ದಿನವೇ ಲಿಖಿತವಾಗಿ ಕೊಡಿ. ಮೊತ್ತ ಸರಿ ಅನ್ನಿಸದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಲು ಕಾಯ್ದೆಯಲ್ಲಿ ದಾರಿಯಿದೆ.

ಕಟ್ಟಕಡೆಯ ದಾರಿ ಇಡೀ ಮನೆಯನ್ನು ಬಿಚ್ಚಿ ಬೇರೆ ಕಡೆ ಕಟ್ಟುವುದು. ಮರದ ಮನೆಗೆ ಅದು ಸಾಧ್ಯ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಟ್ಟಿದ್ದೇ ಹಾಗೆ, ಒಡೆದು ಹೋಗಲಿದ್ದ ಮನೆಗಳನ್ನು ತಂದು ಜೋಡಿಸಿ. ನೋಡಲು ಒಮ್ಮೆ ಹೋಗಿ ಬನ್ನಿ. ಆದರೆ ನನಗೆ ಕೇಳಿದರೆ, ಬೀದಿಯಿಂದ ಎದ್ದು ಹೋದ ಜಗಲಿಯಲ್ಲಿ ಕೂರಲು ದಾರಿಯಲ್ಲಿ ಹೋಗುವವರು ಯಾರೂ ಬರುವುದಿಲ್ಲ.

ಈ ವಾರದ ಕೆಲಸ ಇಷ್ಟು. ಕೆಂಪು ಗುರುತನ್ನು ಅಳಿಸಬೇಡಿ. ಅದರ ಪಕ್ಕ ಟೇಪು ಹಿಡಿದು, ರಸ್ತೆಯ ಮಧ್ಯದಿಂದ ಎಷ್ಟು ದೂರ ಎಂದು ಅಳೆದು, ಬೀದಿಯ ಎಲ್ಲ ಮನೆಗಳದ್ದೂ ಫೋಟೊ ತೆಗೆಯಿರಿ. ಎರಡೂ ಬದಿಯ ಅಳತೆ ಒಂದೇ ಇದೆಯಾ ನೋಡಿ. ಒಂದು ಬದಿಗೆ ಗೆರೆ ಬಾಗಿದ್ದರೆ, ಯಾಕೆ ಬಾಗಿತು ಎಂಬುದೇ ನಿಮ್ಮ ಮಾಹಿತಿ ಹಕ್ಕಿನ ಮೊದಲ ಪ್ರಶ್ನೆ.